‘ಟರ್ನ್ಡ್ ಪಾರ್ಟ್’ ಅಂದ್ರೆ ತಿರುಗಿದ ಭಾಗವಾ, ಕಡೆದ ಭಾಗವಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಸುಮಾರು ದಿನದಿಂದ ನನ್ನ ತಲೆ ತಿಂತಾ ಇದೆ, ನಿಮ್ಮ ಮುಂದೆ ಇಡ್ತೀನಿ. ಉದ್ದನೆ ಲೋಹದ ಸರಳನ್ನ ಲೇತ್ ಅನ್ನೋ ಮಷೀನಿಗೆ ಹಾಕಿ ಅದರ ತುದಿಯಿಂದ ಸಣ್ಣ ಸಣ್ಣ ಭಾಗ ಮಾಡಿ ಮಾಡಿ ಉದುರಿಸೋ ಕೆಲಸ ಇದೆಯಲ್ಲ, ಪಿನ್ನು, ಸಣ್ಣ ಶಾಫ್ಟು, ನಾಜಲ್ಲು, ಸೆನ್ಸರಿನ ಹೊರಕವಚ, ಹಲ್ಲು ಕೂರಿಸೋವಾಗ ಹಾಕೋ ಇಂಪ್ಲಾಂಟ್ ಸ್ಕ್ರೂ ಇಂಥವೆಲ್ಲ, ಅದಕ್ಕೆ ಇಂಗ್ಲಿಷಲ್ಲಿ ಪ್ರಿಸಿಶನ್ ಬಾರ್ ಟರ್ನಿಂಗ್ ಅಂತಾರೆ. ಕೆಲಸ ಕಲಿಯೋಕೆ ಬರೋರಿಗೆ ಅಂತ ಇದರ ಬಗ್ಗೆ ಕನ್ನಡದಲ್ಲೇ ಒಂದು ಕೈಪಿಡಿ ಬರೀತಾ ಇದ್ದೀನಿ. ಮಷೀನ್ ಪಕ್ಕ ನಿಂತು ಮಾತಾಡೋವಾಗ ಏನೂ ತೊಂದ್ರೆ ಇಲ್ಲ, ಜಾಬ್ (ಅಂದ್ರೆ ಮಷೀನಲ್ಲಿ ಕೂರಿಸಿರೋ ಲೋಹದ ತುಂಡು) ಕಟ್ಟು, ಒಂದು ಕಟ್ ಕೊಡು, ಡಯಾ ಇನ್ನೂ ಅರ್ಧ ಇಳಿಸು ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ. ಬರೆಯೋಕೆ ಕೂತಾಗ ಮಾತ್ರ ಮೊದಲನೇ ಪದದಲ್ಲೇ ಕೈ ನಿಂತುಹೋಯ್ತು.

ಮೊದಲ ಕರಡಲ್ಲಿ ಟರ್ನ್ ಅಂತ ಬಂದಲ್ಲೆಲ್ಲ ‘ತಿರುಗಿಸಿ’ ಅಂತ ಬರೆದಿದ್ದೆ. ಒಂದು ಹಾಳೇಲಿ ಎರಡು ಸಾಲು ಒಂದರ ಕೆಳಗೊಂದು ಹೀಗಿತ್ತು: ‘ಜಾಬನ್ನು 8 ಮಿ.ಮೀ. ವ್ಯಾಸಕ್ಕೆ ತಿರುಗಿಸಿ. ನಂತರ ಜಾಬನ್ನು ತಿರುಗಿಸಿ ಇನ್ನೊಂದು ತುದಿಗೆ ಫೇಸಿಂಗ್ ಮಾಡಿ.’ (ಫೇಸಿಂಗ್ ಅಂದ್ರೆ ತುದಿಯ ಮುಖ ಸಮ ಮಾಡೋದು.) ಹೊಸ ಹುಡುಗ ಒಬ್ಬ ಅದನ್ನ ಓದ್ಕೊಂಡು, ಮೊದಲನೇ ಸಾಲಿಗೇ ಜಾಬ್ ಹಿಡಿಯೋ ಚಕ್ ಸಡಿಲಿಸಿ ಜಾಬನ್ನ ಹೊರಗೆ ತೆಗೆದು ತಲೆಕೆಳಗು ಮಾಡಿ ಕಟ್ಟಿಬಿಟ್ಟ. ಅವನದೇನು ತಪ್ಪು, ಕನ್ನಡದಲ್ಲಿ ತಿರುಗಿಸು ಅಂದ್ರೆ ಮೊದಲು ಹೊಳೆಯೋದೇ ಅದು, ದೋಸೆ ತಿರುಗಿಸು, ಪುಟ ತಿರುಗಿಸು ಅಂದ ಹಾಗೆ. ಮೂರು ಜಾ ಚಕ್ಕಲ್ಲಿ ಒಂದ್ಸಲ ಬಿಚ್ಚಿದ ಜಾಬ್ ಎಷ್ಟು ಹುಷಾರಾಗಿ ಮತ್ತೆ ಕಟ್ಟಿದ್ರೂ ಮೊದಲಿನ ನಡುವಿಗೇ ಸರಿಯಾಗಿ ಕೂರಲ್ಲ, ಒಂದಿಷ್ಟು ಔಟ್ ಬಂದೇ ಬರುತ್ತೆ, ಅವತ್ತು ಆ ಜಾಬ್ ಹೋಯ್ತು. ಆ ಸಾಲು ಬರೆದೋನು ನಾನು, ಹಾಗಾಗಿ ಆ ಪದವನ್ನ ಸರಿ ಮಾಡೋ ತನಕ ಮುಂದಕ್ಕೆ ಬರೆಯೋಕೆ ಮನಸ್ಸೇ ಬರ್ತಿಲ್ಲ.

‘ತಿರುಗು’ ಯಾಕೆ ಒಗ್ಗಲ್ಲ ಅನ್ನೋದಕ್ಕೆ ನನಗೆ ಕಾಣೋ ಕಾರಣ ಇಷ್ಟು. ಲೇತಲ್ಲಿ ಜಾಬ್ ತಿರುಗುತ್ತೆ, ಟೂಲ್ ತಿರುಗಲ್ಲ, ಅದು ನೆಟ್ಟಗೆ ಮುಂದಕ್ಕೆ ಹಿಂದಕ್ಕೆ ಹೋಗುತ್ತೆ. ಮಿಲ್ಲಿಂಗಲ್ಲಿ ಟೂಲ್ ತಿರುಗುತ್ತೆ, ಜಾಬ್ ಹಿಡಿದಲ್ಲೇ ಇರುತ್ತೆ. ಡ್ರಿಲ್ಲಿಂಗೂ ತಿರುಗೋದೇ, ಗ್ರೈಂಡಿಂಗೂ ತಿರುಗೋದೇ. ಹಾಗಿದ್ಮೇಲೆ ‘ತಿರುಗಿಸಿ’ ಅಂದ್ರೆ ಯಾವ ಕೆಲಸ ಅಂತ ಯಾರಿಗೆ ಗೊತ್ತಾಗಬೇಕು. ಅದಕ್ಕಿಂತ ಮುಖ್ಯವಾದ್ದು, ತಿರುಗೋದು ಇಲ್ಲಿ ಬರೀ ದಾರಿ, ಕೆಲಸ ಅಂದ್ರೆ ಸರಳಿಂದ ಲೋಹ ಕಿತ್ತು ತೆಗೆದು ಆಕಾರ ಹೊರಗೆ ತರೋದು. ‘ತಿರುಗಿದ ಭಾಗ’ ಅನ್ನೋ ಮಾತಲ್ಲಿ ಲೋಹ ಕಮ್ಮಿಯಾದದ್ದೂ ಇಲ್ಲ, ಆಕಾರ ಬಂದದ್ದೂ ಇಲ್ಲ. ಇನ್ನು ‘ತಿರುವು’ ಅಂತ ಬರೆದ್ರೆ ರಸ್ತೆ ತಿರುವೋ ಕಥೆಯ ತಿರುವೋ ಆಗುತ್ತೆ, ‘ತಿರುಚು’ ಅಂದ್ರೆ ಸರಳನ್ನ ಹಿಡಿದು ಹಿಂಡಿದ ಹಾಗೆ, ಅದು ಟಾರ್ಶನ್, ಪೂರ್ತಿ ಬೇರೆ ವಿಷಯ. ‘ತಿರುಪು’ ಆಗಲೇ ಸ್ಕ್ರೂಗೆ ಸೇರಿಹೋಗಿದೆ, ಅದನ್ನ ಅಲ್ಲೇ ಬಿಡೋದು ವಾಸಿ.

ಇಂಗ್ಲಿಷಿನ ಟರ್ನ್ ಎಲ್ಲಿಂದ ಬಂತು ಅಂತ ನೋಡಿದ್ರೆ ಗ್ರೀಕಿನ ‘ಟೋರ್ನೋಸ್’, ಅದರಿಂದ ಲ್ಯಾಟಿನ್ನಿನ ‘ತೋರ್ನುಸ್’, ಅಂದ್ರೆ ಕಡೆಯೋ ಯಂತ್ರ, ಅದರ ಮೇಲೆ ಕೆಲಸ ಮಾಡೋದು ‘ತೋರ್ನಾರೆ’. ಅಂದ್ರೆ ಲೇತಿನ ಪದವೇ ಮೊದಲು, ಸುಮ್ನೆ ಸುತ್ತೋದು, ಹಿಂದೆ ನೋಡೋದು, ಬಲಕ್ಕೆ ಹೋಗೋದು ಇವೆಲ್ಲ ಆಮೇಲೆ ಬೆಳೆದ ಅರ್ಥಗಳು. ನಾವು ಆಮೇಲಿನ ಅರ್ಥ ಹಿಡ್ಕೊಂಡು ‘ತಿರುಗಿಸು’ ಅಂತ ತಂದು, ಅದನ್ನ ವಾಪಸ್ ಲೇತಿಗೆ ಕಟ್ಟೋಕೆ ಹೋಗ್ತಾ ಇದ್ದೀವಿ.

ನಮ್ಮಲ್ಲಿ ಈ ಕೆಲಸಕ್ಕೇ ಇರೋ ಪದ ‘ಕಡೆ’. ಮಜ್ಜಿಗೆ ಕಡೆಯೋದು, ಸಮುದ್ರ ಕಡೆದದ್ದು, ಅರಣಿ ಕಡೆದು ಬೆಂಕಿ ತೆಗೆಯೋದು, ಮರದ ಬುಗುರಿ ಕಡೆಯೋದು, ಎಲ್ಲಕ್ಕೂ ಒಂದೇ ಕ್ರಿಯಾಪದ. ಮೊಸರಿಗೂ ಮರಕ್ಕೂ ಏನು ನಂಟು ಅಂತ ನನಗೂ ಮೊದಲು ಹೊಳೆದಿರಲಿಲ್ಲ. ಕಡಗೋಲನ್ನ ಒಂದ್ಸಲ ಕಣ್ಮುಂದೆ ತಂದ್ಕೊಳ್ಳಿ, ಕೋಲಿಗೆ ಹಗ್ಗ ಎರಡು ಸುತ್ತು ಹಾಕಿ ಎರಡೂ ತುದಿ ಎರಡು ಕೈಲಿ ಹಿಡಿದು ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ ಎಳೀತಾರೆ, ಕೋಲು ಅತ್ತ ಇತ್ತ ಗಿರ್ರನೆ ತಿರುಗುತ್ತೆ. ಹಳೇ ಕಾಲದ ಲೇತೂ ಹಾಗೇ, ಮರದ ತುಂಡಿಗೆ ಹಗ್ಗ ಸುತ್ತಿ ಒಬ್ಬರು ಎಳೀತಾ ಇರೋರು, ಇನ್ನೊಬ್ಬರು ಉಳಿ ಹಿಡಿಯೋರು. ಅರಣೀಲೂ ಅದೇ ಹಗ್ಗ, ಅದೇ ಎಳೆತ. ಕೈ ಮಾಡೋ ಕೆಲಸ ಒಂದೇ ಆದ್ದರಿಂದ ಪದವೂ ಒಂದೇ ಆಗಿದೆ, ಇದು ನನಗೆ ಬಹಳ ಇಷ್ಟವಾದ ವಿಷಯ. ತಮಿಳಿನ ‘ಕಡೈ’ಗೂ ಹೀಗೇ ಎರಡೂ ಅರ್ಥ ಇದೆ, ಲೇತ್ ಕೆಲಸಕ್ಕೆ ಅವರು ‘ಕಡೈಸಲ್’ ಅಂತಾರೆ, ಮಲಯಾಳದಲ್ಲಿ ‘ಕಡಚ್ಚಿಲ್’. ನಮ್ಮಲ್ಲೂ ‘ಕಡಸಲು’ ಅಂತ ಹೆಸರುಪದ ಇತ್ತು, ಬಳಕೆ ಬಿಟ್ಟುಹೋದ ಹಾಗಿದೆ ಅಷ್ಟೇ. ಹೊಯ್ಸಳರ ಗುಡಿಗಳ ದುಂಡು ಕಂಬಗಳನ್ನ ವರ್ಣಿಸೋವಾಗ ‘ತಿರುಗಣಿಯಲ್ಲಿ ಕಡೆದ ಕಂಬ’ ಅಂತ ಬರೀತಾರಲ್ಲ, ಅಲ್ಲಿ ಎರಡೂ ಪದ ಎಷ್ಟು ಸರಿಯಾಗಿ ಕೂತಿವೆ ನೋಡಿ, ತಿರುಗಣಿ ಯಂತ್ರದ ಹೆಸರು, ಕಡೆಯೋದು ಕೆಲಸದ ಹೆಸರು. ತಿರುಗೋದು ಯಂತ್ರಕ್ಕೆ, ಕಡೆಯೋದು ಜಾಬಿಗೆ.

ಹಾಗಾಗಿ ನನ್ನ ಮನಸ್ಸಲ್ಲಿರೋದು ಟರ್ನಿಂಗಿಗೆ ‘ಕಡೆತ’, ಟರ್ನ್ಡ್ ಪಾರ್ಟಿಗೆ ‘ಕಡೆದ ಭಾಗ’, ಬಾರ್ ಟರ್ನಿಂಗಿಗೆ ‘ಸರಳು ಕಡೆತ’. ‘8 ಮಿ.ಮೀ. ವ್ಯಾಸಕ್ಕೆ ಕಡೆಯಿರಿ, ನಂತರ ಜಾಬ್ ತಿರುಗಿಸಿ ಕಟ್ಟಿ’ ಅಂತ ಬರೆದ್ರೆ ಆ ಹುಡುಗನಿಗೆ ಆದ ಗೊಂದಲ ಇನ್ಯಾರಿಗೂ ಆಗಲ್ಲ.

ಆದ್ರೆ ಇದಕ್ಕೂ ತೊಡಕುಗಳಿವೆ, ಮುಚ್ಚಿಡಲ್ಲ. ಮೊದಲನೇದು ಕಡೆ ಮತ್ತು ಕಡಿ. ಕಡೆ–ಕಡೆದ, ಕಡಿ–ಕಡಿದ. ಬಾಯಲ್ಲಿ ಬೇಗ ಹೇಳೋವಾಗ ಇವೆರಡೂ ಒಂದೇ ಥರ ಕೇಳ್ಸುತ್ತೆ, ಮಷೀನುಗಳ ಸದ್ದಲ್ಲಂತೂ ಕೇಳೋದೇ ಬೇಡ. ಬೇರೆ ಕೆಲಸದಲ್ಲಾದ್ರೆ ಇದು ದೊಡ್ಡ ವಿಷಯ ಅಲ್ಲ, ಇಲ್ಲಿ ಮಾತ್ರ ಎರಡೂ ಬರುತ್ತೆ, ಮೊದಲು ಸರಳಿನ ತುದಿಯನ್ನ ಕಡೆದು ಆಕಾರ ತರ್ತೀವಿ, ಎಲ್ಲ ಮುಗಿದ ಮೇಲೆ ಪಾರ್ಟಿಂಗ್ ಟೂಲಿಂದ ಸರಳಿಂದ ಕಡಿದು ಬೀಳಿಸ್ತೀವಿ. ‘ಕಡೆದು ಕಡಿಯಿರಿ’ ಅಂತ ಒಂದೇ ಸಾಲಲ್ಲಿ ಬಂದ್ರೆ ಓದೋನ ಗತಿ ಏನು. ಪಾರ್ಟಿಂಗಿಗೆ ‘ಕತ್ತರಿಸು’ ಅಂತ ಬಳಸಿಬಿಟ್ರೆ ಈ ಪೇಚು ತಪ್ಪುತ್ತೆ ಅಂತ ನನ್ನ ಲೆಕ್ಕ.

ಎರಡನೇದು ಇನ್ನೂ ಗಟ್ಟಿ. ಕಡೆ ಅಂದ್ರೆ ಕೊನೆ, ಕಡೆ ಅಂದ್ರೆ ಪಕ್ಕ. ‘ಕಡೆಯ ಭಾಗ’ ಅಂತ ಒಂದು ಅಕ್ಷರ ಆಚೀಚೆ ಆದ್ರೂ ಕೊನೇ ಭಾಗ ಅಂತಾಯ್ತು. ಈ ಕೆಲಸದಲ್ಲಿ ಕೊನೇ ತುಂಡು ಅನ್ನೋದೂ ನಿಜವಾಗಿ ಒಂದು ವಸ್ತು. ಸಾಮಾನ್ಯವಾಗಿ 3 ಮೀಟರ್ ಉದ್ದದ ಸರಳನ್ನ, ಅದನ್ನ ಮಷೀನೊಳಗೆ ತಳ್ಳೋ ಫೀಡರಿಗೆ ಹಾಕ್ತೀವಿ, ಅದರಲ್ಲಿ ಭಾಗಗಳು ಆಗ್ತಾ ಆಗ್ತಾ ಕೊನೆಗೆ ಹಿಡ್ಕೊಳ್ಳೋಕೆ ಸಾಲದೆ ಒಂದು ಗೇಣಿನಷ್ಟು ತುಂಡು ಉಳಿಯುತ್ತೆ, ಅದು ಬಿಸಾಕೋದಕ್ಕೆ. ಅದನ್ನ ‘ಕಡೆಯ ತುಂಡು’ ಅಂತ ಬರೆದು ಅದರ ಪಕ್ಕದಲ್ಲೇ ‘ಕಡೆದ ತುಂಡು’ ಅಂತ ಬರೆದ್ರೆ, ಒಂದು ಸ್ಕ್ರ್ಯಾಪು, ಇನ್ನೊಂದು ಡಬ್ಬಕ್ಕೆ ಹೋಗೋ ಒಳ್ಳೇ ಮಾಲು. ಅದಕ್ಕೆ ರೆಮ್ನೆಂಟಿಗೆ ‘ಉಳಿಕೆ ತುಂಡು’ ಅಂತ ಇಟ್ಕೊಂಡಿದ್ದೀನಿ, ಕೈಪಿಡೀಲಿ ಕೊನೆ ಅನ್ನೋ ಅರ್ಥದಲ್ಲಿ ಕಡೆ ಅಂತ ಎಲ್ಲೂ ಬರೆಯಲ್ಲ ಅಂತಾನೂ ಗೆರೆ ಎಳ್ಕೊಂಡಿದ್ದೀನಿ.

ಇನ್ನೊಬ್ಬ ಸ್ನೇಹಿತರು ಹೇಳಿದ್ದು, ಕಡೆಯೋದು ಮರದ ಕೆಲಸಕ್ಕೆ, ಉಕ್ಕಿಗೆ ಅದು ಹಳೇ ಮಾತು ಅನ್ಸುತ್ತೆ ಅಂತ. ಜರ್ಮನ್ನಲ್ಲಿ ಹೀಗೇ ಎರಡು ಮಾಡ್ಕೊಂಡಿದ್ದಾರೆ, ಮರಕ್ಕೆ ‘ಡ್ರೆಕ್ಸೆಲ್ನ್’, ಲೋಹಕ್ಕೆ ‘ಡ್ರೇಯನ್’. ನಾವು ಕಲ್ಲಿಗೂ ಮರಕ್ಕೂ ಒಂದೇ ಪದ ಬಳಸ್ಕೊಂಡು ಬಂದೋರು, ಲೋಹಕ್ಕೆ ಮಾತ್ರ ಯಾಕೆ ಬಾಗಿಲು ಹಾಕಬೇಕು? ‘ಕಡೆದಿಟ್ಟ ಗೊಂಬೆ’ ಅನ್ನೋವಾಗ ಕೆತ್ತೋದಕ್ಕೂ ಕಡೆ ಅಂತಾರೆ ಅನ್ನೋದು ನಿಜ, ಆದ್ರೆ ಲೇತ್ ಮುಂದೆ ನಿಂತೋನಿಗೆ ಆ ಅನುಮಾನ ಬರಲ್ಲ ಅನ್ಕೋತೀನಿ.

ಫ್ರೆಂಚರ ಪದ ಇವೆಲ್ಲಕ್ಕಿಂತ ಬೇರೆ. ಇದೇ ಸರಳು ಕೆಲಸಕ್ಕೆ ಅವರು ‘ಡೆಕೊಲ್ಟಾಜ್’ ಅಂತಾರೆ, ಆಲ್ಪ್ಸ್ ತಪ್ಪಲಲ್ಲಿ ಆರ್ವ್ ಕಣಿವೆ ಇಡೀ ಇದಕ್ಕೇ ಹೆಸರುವಾಸಿ. ಫ್ರೆಂಚಲ್ಲಿ ‘ಕೊಲೆ’ (collet) ಅಂದ್ರೆ ಕುತ್ತಿಗೆ, ಕುತ್ತಿಗೆ ಬಿಡಿಸೋ ಹಾಗೆ ಲೋಹ ತೆಗೆಯೋದು ಅನ್ನೋ ಚಿತ್ರ ಅದರಲ್ಲಿದೆ. ಸ್ಕ್ರೂ ಮಾಡೋವಾಗ ತಲೆ ದಪ್ಪಕ್ಕೇ ಬಿಟ್ಟು ಕೆಳಗೆ ಸಣ್ಣಗೆ ಕಡೆಯೋದನ್ನ ನೋಡಿದ್ರೆ ಅರ್ಥ ಆಗುತ್ತೆ. ನಾವು ಸರಳನ್ನ ಹಿಡಿಯೋಕೆ ಬಳಸೋ ಕಾಲೆಟ್ ಇದೆಯಲ್ಲ, ಅದೂ ಅದೇ ಕುತ್ತಿಗೆಯ ಪದ. ಅಮೆರಿಕದೋರು ಇಂಥ ಮಷೀನಿಗೆ ಸ್ಕ್ರೂ ಮಷೀನ್ ಅಂದ್ರು, 1873ರಲ್ಲಿ ಸ್ಪೆನ್ಸರ್ ಅನ್ನೋರು ಪೇಟೆಂಟ್ ಮಾಡಿದ ಆಟೋಮ್ಯಾಟಿಕ್ ಲೇತಿನ ಕಾಲದಿಂದ ಆ ಹೆಸರು ನಿಂತುಬಿಟ್ಟಿದೆ, ಸ್ಕ್ರೂ ಮಾಡದೇ ಇದ್ರೂ ಸ್ಕ್ರೂ ಮಷೀನೇ.

ಬಾರ್ ಅನ್ನೋದಕ್ಕೆ ಜಾಸ್ತಿ ಚರ್ಚೆ ಬೇಡ ಅನ್ಸುತ್ತೆ. ಕಂಬಿ ಅಂದ್ರೆ ತೆಳ್ಳಗಿನ ತಂತಿ ಥರದ್ದೂ ಆಗುತ್ತೆ, ಸಲಾಕೆ ಅಂದ್ರೆ ಚೂಪು ನೆನಪಾಗುತ್ತೆ, ಬಾರ್ ಅಂತ ಹಾಗೇ ಬಿಟ್ರೆ ಚಪ್ಪಲಿ ಬಾರಿಂದ ಹಿಡಿದು ಏನೇನೋ ಬರುತ್ತೆ. ಸರಳು ಸರಿಯಾಗಿದೆ, ದುಂಡು ಸರಳು, ಆರುಮೂಲೆ ಸರಳು ಅಂತ ಬಿಡಿಸಿ ಹೇಳೋಕೂ ಬರುತ್ತೆ.

ಆದ್ರೆ ‘ಸರಳು’ ಅಂತ ಪದದಲ್ಲೇ ಹಾಕಬೇಕಾ, ಬರೀ ಕಡೆತ ಸಾಲದಾ ಅಂತ ಕೇಳೋರಿಗೆ ಒಂದು ವಿಷಯ ಹೇಳಬೇಕು. 3 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ ಒಂದು ಪಿನ್ನನ್ನ ಮಾಮೂಲಿ ಲೇತಲ್ಲಿ ಚಕ್ಕಿಂದ ಹೊರಗೆ ಚಾಚಿಸಿ ಕಡೆಯೋಕೆ ಹೋದ್ರೆ ಟೂಲ್ ತಗುಲಿದ ತಕ್ಷಣ ತುದಿ ಬಾಗಿ ದೂರ ಸರಿಯುತ್ತೆ, ಬುಡ ಸಣ್ಣ, ತುದಿ ದಪ್ಪ ಬರುತ್ತೆ. ಚಾಚಿದ ಉದ್ದ ಎರಡು ಪಟ್ಟಾದ್ರೆ ತುದಿ ಬಾಗೋದು ಎಂಟು ಪಟ್ಟು. ಗಡಿಯಾರದ ಸಣ್ಣ ಭಾಗಗಳಿಗೆ ಇದೇ ಕಷ್ಟ ಇದ್ದದ್ದು, ಅದಕ್ಕೆ 1870ರ ದಶಕದಲ್ಲಿ ಸ್ವಿಟ್ಜರ್ಲೆಂಡಲ್ಲಿ ಯಾಕೋಬ್ ಶ್ವೈಟ್ಸರ್ ಅನ್ನೋರು ಬೇರೆ ದಾರಿ ಹುಡುಕಿದ್ರು. ಅಲ್ಲಿ ಟೂಲ್ ಜಾಬ್ ಉದ್ದಕ್ಕೂ ಓಡಲ್ಲ, ಸರಳನ್ನ ಹಿಡಿದ ಹೆಡ್‌ಸ್ಟಾಕೇ ಮುಂದಕ್ಕೆ ಜರುಗುತ್ತೆ. ಸರಳು ತಿರುಗ್ತಾ ತಿರುಗ್ತಾ ಗೈಡ್ ಬುಷ್ ಅನ್ನೋ ಒಂದು ಬಿಗಿ ಬಳೆಯೊಳಗಿಂದ ಹೊರಗೆ ಬರ್ತಾ ಇರುತ್ತೆ, ಬಳೆಯಿಂದ ಒಂದೆರಡು ಮಿ.ಮೀ. ಆಚೆ ಟೂಲ್ ಕಾಯ್ಕೊಂಡು ನಿಂತಿರುತ್ತೆ, ಹೊರಗೆ ಬಂದಷ್ಟನ್ನ ಬಂದ ಹಾಗೇ ಕಡೆಯುತ್ತೆ. ಬಾಗೋಕೆ ಉದ್ದವೇ ಸಿಗಲ್ಲ. ಪಕ್ಕದಲ್ಲಿ ನಿಂತು ನೋಡಿದ್ರೆ ಎಣ್ಣೆ ಸುರಿಯೋದರ ನಡುವೆ ಸರಳು ತಾನೇ ಪಿನ್ನಾಗಿ ಬೆಳೀತಾ ಇರೋ ಹಾಗೆ ಕಾಣುತ್ತೆ. ಈ ಕೆಲಸದ ಜೀವಾಳವೇ ಸರಳು ಅನ್ನೋದಕ್ಕೆ ಇದೇ ಕಾರಣ, ಅದನ್ನ ಪದದಿಂದ ಬಿಡೋಕೆ ನನಗೆ ಇಷ್ಟ ಇಲ್ಲ.

ಉಳಿದದ್ದು ಪ್ರಿಸಿಶನ್. ‘ನಿಖರ’ ಅಂತ ಎಲ್ಲರೂ ಬರೀತಾರೆ, ಆದ್ರೆ ಅಕ್ಯುರೇಟಿಗೂ ನಿಖರ ಅಂತಲೇ ಬರೀತಾರೆ. ಒಂದು ಭಾಗ ಹೇಳಿದ ಅಳತೆಗೆ ಬರೋದು ಒಂದು, ಸಾವಿರ ಭಾಗವೂ ಒಂದರ ಹಾಗೆ ಇನ್ನೊಂದು ಬರೋದು ಇನ್ನೊಂದು. ನನಗೆ ‘ಕರಾರುವಾಕ್ಕು’ ಮೇಲೆ ಕಣ್ಣಿದೆ, ಕರಾರಿಗೆ ತಪ್ಪದ್ದು ಅನ್ನೋ ಭಾವ ಅದರಲ್ಲಿದೆ, ಡ್ರಾಯಿಂಗ್ ಅಂದ್ರೆ ಕರಾರೇ ತಾನೇ. ‘ಕರಾರುವಾಕ್ಕು ಸರಳು ಕಡೆತ’ ಅಂದ್ರೆ ಬಾಯಿಗೆ ಸ್ವಲ್ಪ ಉದ್ದ ಆಗುತ್ತೆ ಅನ್ನೋದೂ ಗೊತ್ತು.

ಇದರ ಜೊತೆಗೇ ಬರೋ ಟಾಲರೆನ್ಸನ್ನ, ಅಂದ್ರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ ಅನ್ನೋದನ್ನ, ಮಾತ್ರ ದಯವಿಟ್ಟು ಯಾರೂ ‘ಸಹಿಷ್ಣುತೆ’ ಅಂತ ಮಾಡಬೇಡಿ, ಎಷ್ಟೋ ಅನುವಾದಗಳಲ್ಲಿ ನೋಡಿ ನೋಡಿ ಬೇಜಾರಾಗಿದೆ. ಲೋಹ ಏನನ್ನೂ ಸಹಿಸ್ಕೊಳ್ತಾ ಇಲ್ಲ. ಡ್ರಾಯಿಂಗಲ್ಲಿ ಶಾಫ್ಟಿಗೆ 10 ಮಿ.ಮೀ. h7 (ಸಣ್ಣ ಅಕ್ಷರದ ಎಚ್) ಅಂತಿದ್ರೆ 10.000 ಇಂದ 9.985ರ ತನಕ ಎಲ್ಲಿ ಬಂದ್ರೂ ಪಾಸು, ಅಂದ್ರೆ 15 ಮೈಕ್ರಾನ್ ಜಾಗ. ಕೂದಲೆಳೆಯಷ್ಟು ಅಂತರ ಅಂತೀವಲ್ಲ, ಕೂದಲು ಸುಮಾರು 70 ಮೈಕ್ರಾನ್ ಇರುತ್ತೆ, ಇಲ್ಲಿ ಕೂದಲೆಳೆಯಷ್ಟು ತಪ್ಪಿದ್ರೆ ಜಾಬ್ ಸ್ಕ್ರ್ಯಾಪ್. ನಾನು ಸದ್ಯಕ್ಕೆ ‘ಬಿಡುವು’ ಅಂತ ಬರೆದಿದ್ದೆ, ಅದು ಕ್ಲಿಯರೆನ್ಸಿಗೆ, ಅಂದ್ರೆ ಎರಡು ಭಾಗಗಳ ನಡುವಿನ ಸಂದಿಗೆ, ಬೇಕಾಗುತ್ತೆ ಅಂತ ಆಮೇಲೆ ಹೊಳೀತು, ಈಗ ‘ಹೆಚ್ಚುಕಮ್ಮಿ ಮಿತಿ’ ಅಂತ ತಿದ್ದಿದ್ದೀನಿ. ಚಕ್, ಕಾಲೆಟ್, ಗೈಡ್ ಬುಷ್, ಜಾಬ್ ಇವನ್ನ ಮುಟ್ಟೋಕೆ ಹೋಗಿಲ್ಲ, ಕೈಗೂ ಬಾಯಿಗೂ ಕೂತಿರೋ ಪದಗಳು ಅವು.

ಈಗ ನಿಮ್ಮನ್ನ ಕೇಳೋದು. ನಿಮ್ಮ ಮನೇಲೋ ಹಿರೀಕರ ಬಾಯಲ್ಲೋ ಲೇತ್ ಕೆಲಸಕ್ಕೆ ‘ಕಡೆ’ ಅಂತ ಕೇಳಿದ್ದೀರಾ, ಕೇಳಿದ್ರೆ ಮರಕ್ಕೆ ಮಾತ್ರವಾ, ಹಿತ್ತಾಳೆ ಕಬ್ಬಿಣಕ್ಕೂ ಅಂತಿದ್ರಾ? ‘ಕಡಸಲು’ ಈಗಲೂ ಯಾರಾದ್ರೂ ಆಡ್ತಾರಾ? ಅದು ಬದುಕಿದ್ರೆ ‘ಕಡೆತ’ ಬಿಟ್ಟು ಅದನ್ನೇ ಹಾಕ್ತೀನಿ, ಯಾಕಂದ್ರೆ ಕೊನೆ ಅನ್ನೋ ಅರ್ಥದ ಕಾಟ ಅದಕ್ಕಿಲ್ಲ. ಆಮೇಲೆ ಕಡೆಯೋವಾಗ ಸುರುಳಿ ಸುರುಳಿಯಾಗಿ ಬರುತ್ತಲ್ಲ ಲೋಹದ ಸಿಪ್ಪೆ, ಅದಕ್ಕೆ ನಾವು ಚಿಪ್ಸ್ ಅಂತೀವಿ, ಮರದ್ದಾದ್ರೆ ಹೊಟ್ಟು ಅಂತೀವಿ, ಲೋಹದ್ದಕ್ಕೆ ನಿಮ್ಮಲ್ಲಿ ಏನಾದ್ರೂ ಬೇರೆ ಹೆಸರಿದ್ರೆ ಅದನ್ನೂ ಬರೀರಿ, ಆ ಅಧ್ಯಾಯ ಇನ್ನೂ ಶುರು ಮಾಡಿಲ್ಲ.