ಬೆನ್ನುಹುರಿಗೆ ಪೆಟ್ಟಾದ ಅಣ್ಣನಿಗೆ ಯೋಗ ಮಾಡಿಸಬಹುದೇ?

ಪ್ರಶ್ನೆ:
ಅಡಿಕೆ ಕೊನೆ ತೆಗೆಯುತ್ತಿದ್ದ ನನ್ನ ಅಣ್ಣ ಹೋದ ವರ್ಷ ಮರದಿಂದ ಬಿದ್ದು, ಎದೆಮಟ್ಟದ 5ನೇ ಕಶೇರುಕದ (ಬೆನ್ನುಮೂಳೆಯ ಮಣಿಯ) ಬಳಿ ಬೆನ್ನುಹುರಿಗೆ ಪೆಟ್ಟಾಯಿತು. ಅಲ್ಲಿಂದ ಕೆಳಗೆ ಚಲನೆಯಿಲ್ಲ, ಮುಟ್ಟಿದ್ದೂ ತಿಳಿಯುವುದಿಲ್ಲ. ಈಗ ಗಾಲಿಕುರ್ಚಿಯಲ್ಲಿ ಕೂರುತ್ತಾನೆ, ಫಿಸಿಯೋಥೆರಪಿ ನಡೆಯುತ್ತಿದೆ. ಪರಿಚಯದ ಯೋಗ ಶಿಕ್ಷಕರೊಬ್ಬರು ಕಪಾಲಭಾತಿಯನ್ನೂ, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನವನ್ನೂ ಮಾಡಿಸಿದರೆ ಕಾಲಿಗೆ ಶಕ್ತಿ ಮರಳುತ್ತದೆ ಎನ್ನುತ್ತಾರೆ. ಅಣ್ಣನಿಗೆ ಆಸೆ ಹುಟ್ಟಿದೆ, ನನಗೆ ಭಯ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಫಿಸಿಯೋಥೆರಪಿಸ್ಟ್):
ಸಹೋದರಿ, ಹುರಿಯ ಗಾಯವನ್ನು ಆಸನಗಳು ವಾಸಿಮಾಡುತ್ತವೆ ಎಂಬ ಭರವಸೆಯನ್ನು ಯಾರೂ ಕೊಡಬಾರದು. ಕಪಾಲಭಾತಿಯಲ್ಲಿ ಉಸಿರನ್ನು ಹೊರದೂಡುವುದು ಹೊಟ್ಟೆಯ ಸ್ನಾಯುಗಳು. ಅವುಗಳಿಗೆ ನರಗಳು ಹೊರಡುವುದು ಗಾಯಕ್ಕಿಂತ ಕೆಳಗಿನಿಂದ. ಆದ್ದರಿಂದ ನಿಮ್ಮ ಅಣ್ಣನವರು ಅದನ್ನು ಮಾಡಲು ಹೋದರೆ ಕುತ್ತಿಗೆಯನ್ನೂ ಭುಜವನ್ನೂ ದಣಿಸಿಕೊಳ್ಳುತ್ತಾರೆ, ಅಷ್ಟೇ. ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿರುವುದರಿಂದ, ನಿಧಾನವಾಗಿ ಆಳಕ್ಕೆ ಉಸಿರೆಳೆದು ನೀಳವಾಗಿ ಬಿಡುವ ಅಭ್ಯಾಸ ಅವರಿಗೆ ಸೂಕ್ತ. ಪಶ್ಚಿಮೋತ್ತಾನಾಸನದಲ್ಲಿ ಬೇರೆಯವರು ಬೆನ್ನೊತ್ತಿ ಬಗ್ಗಿಸುವುದು ಬೇಡವೇ ಬೇಡ: ಭಾರ ಹೊರದ ಕಾಲಿನ ಮೂಳೆಗಳು ಟೊಳ್ಳಾಗಿರುತ್ತವೆ, ಮುರಿದರೂ ನೋವು ತಿಳಿಯುವುದಿಲ್ಲ. ಕೆಳಬೆನ್ನು ಅತಿಯಾಗಿ ಸಡಿಲಗೊಂಡರೆ ಕೂರುವ ಸಮತೋಲವೂ ಕೆಡುತ್ತದೆ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಎದೆಮಟ್ಟದ 6ನೇ ಕಶೇರುಕ ಮತ್ತು ಅದಕ್ಕಿಂತ ಮೇಲಿನ ಗಾಯಗಳಲ್ಲಿ, ಮೂತ್ರಕೋಶ ತುಂಬಿದಾಗಲೋ ಮಲಬದ್ಧತೆಯಾದಾಗಲೋ ರಕ್ತದೊತ್ತಡ ಹಠಾತ್ತನೆ ಏರುವುದುಂಟು. ಅಭ್ಯಾಸದ ನಡುವೆ ತಲೆ ಸಿಡಿಯತೊಡಗಿ, ಮುಖ ಕೆಂಪೇರಿ ಬೆವರಿದರೆ ಶವಾಸನದಲ್ಲಿ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರಕೋಶ ಖಾಲಿಯಾಗಿದೆಯೇ ನೋಡಿ, ಕೂಡಲೇ ವೈದ್ಯರನ್ನು ಕಾಣಿ.

ಉತ್ತರ 2 (ಗಾಲಿಕುರ್ಚಿ ಬಳಸುವವರು):
ನನಗೆ ಯೋಗದಿಂದ ಕಾಲು ಬರಲಿಲ್ಲ, ಆದರೆ ಭುಜ ಉಳಿಯಿತು. ದಿನವಿಡೀ ಚಕ್ರ ತಳ್ಳುವವರ ಎದೆ ಕುಗ್ಗಿ ಭುಜ ಮುಂದಕ್ಕೆ ಬಾಗುತ್ತದೆ. ಕುರ್ಚಿಯಲ್ಲೇ ಕುಳಿತು ಎದೆ ಅರಳಿಸುವ, ತೋಳು ಚಾಚುವ ಆಸನಗಳು ಅದನ್ನು ತಡೆದವು. 1978ರಲ್ಲಿ, 13ನೇ ವಯಸ್ಸಿನಲ್ಲಿ, ಕಾರು ಅಪಘಾತದಿಂದ ಎದೆಯ ಕೆಳಗೆ ಸ್ವಾಧೀನ ಕಳೆದುಕೊಂಡ ಅಮೆರಿಕದ ಮ್ಯಾಥ್ಯೂ ಸ್ಯಾನ್‌ಫರ್ಡ್ ಮುಂದೆ ಅಯ್ಯಂಗಾರ್ ಪದ್ಧತಿಯನ್ನು ಕಲಿತು ಸ್ವತಃ ಶಿಕ್ಷಕರಾದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಆ ಪದ್ಧತಿಯಲ್ಲಿ ಪಟ್ಟಿ, ದಿಂಬು, ಕುರ್ಚಿಗಳ ಆಸರೆ ಇರುವುದರಿಂದ ನಮ್ಮಂಥವರಿಗೆ ಅದು ಒಗ್ಗುತ್ತದೆ. ಬರಿನೆಲದಲ್ಲಿ ಕೂರಿಸಬೇಡಿ; ಪಟ್ಟಿ ಬಿಗಿದ ಜಾಗವನ್ನೂ ಪೃಷ್ಠವನ್ನೂ ಪ್ರತಿ ಸಲ ಕಣ್ಣಿಟ್ಟು ನೋಡಿ. ಕೆಂಪು ಉಳಿದಿದ್ದರೆ ಅದು ಹುಣ್ಣಿನ ಆರಂಭ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಭುಜದ ಆಸನಗಳನ್ನು ಕಲಿಯುತ್ತೇನೆ ಎಂದ. ಫಿಸಿಯೋಥೆರಪಿಸ್ಟ್ ಅವರಿಗೆ ತೋರಿಸಿದ ಮೇಲೆ, ಬೆಳಿಗ್ಗೆ ಕ್ಯಾತಿಟರ್ ಹಾಕಿ ಮೂತ್ರ ತೆಗೆದಾದ ನಂತರವೇ ಅಭ್ಯಾಸಕ್ಕೆ ಕೂರಿಸುತ್ತೇವೆ.