540 ಜೀಪಿಗೆ ಸ್ಕಾರ್ಪಿಯೊ ಇಂಜಿನ್ ಕೂರಿಸಿದರೆ ಹೌಸಿಂಗ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ತಡೆಯುತ್ತಾ? ಮಾಡಿಸಿದವರು ಅನುಭವ ಹೇಳಿ

ನಾಪೋಕ್ಲು 540
ಎಲ್ಲರಿಗೂ ನಮಸ್ಕಾರ. ನನ್ನದು 1991ರ ಮಹೀಂದ್ರ ಎಂಎಂ 540 ಜೀಪು. ಪ್ಯೂಜೊ ಇಂಜಿನ್ ಎರಡು ಸಲ ಬೋರ್ ಆಗಿದೆ (ಸವೆದ ಸಿಲಿಂಡರ್ ಕೊರೆಸಿದ್ದೇನೆ), ಈಗ ಮತ್ತೆ ಆಯಿಲ್ ಕುಡಿಯುತ್ತಿದೆ. ಗುಜರಿಯಲ್ಲಿ ಸ್ಕಾರ್ಪಿಯೊ 2.6 ಸಿಆರ್‌ಡಿಇ ಇಂಜಿನ್ ಸಿಕ್ಕಿದೆ. ಹಳೆಯದರ ಟಾರ್ಕ್ (ತಿರುಗಿಸುವ ಬಲ) ಸುಮಾರು 12 ಕೆಜಿ ಮೀಟರ್, ಇದರದ್ದು 28. ಟೈರ್ 31 ಇಂಚು. ತೋಟದ ಕೆಲಸ, ಮಳೆಗಾಲದಲ್ಲಿ ಮನೆ ರಸ್ತೆ, ವರ್ಷಕ್ಕೆ ಒಂದೆರಡು ಸಲ ಗದ್ದೆಯಲ್ಲಿ ಆಫ್‌ರೋಡ್. ಹಳೆ ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದೆ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ), ಹಳೆ ಹೌಸಿಂಗ್ ಇಟ್ಟುಕೊಂಡೇ ಮಾಡಬಹುದಾ? ಮೊದಲು ಯಾವುದನ್ನು ಗಟ್ಟಿ ಮಾಡಿಸಬೇಕು? ಇಂಜಿನ್ ಬಿಟ್ಟು ಒಂದೂವರೆ ಲಕ್ಷ ತೆಗೆದಿಟ್ಟಿದ್ದೇನೆ.

ಗೋಣಿಕೊಪ್ಪ ತೋಟದ ಜೀಪು
ಒಂದೂವರೆ ಲಕ್ಷ ಸಾಲುವುದಿಲ್ಲ. ನಾನು 2019ರಲ್ಲಿ ಇದೇ ಇಂಜಿನ್ ಕೂರಿಸಿದೆ. ಇಂಜಿನ್‌ಗೆ 85 ಸಾವಿರ ಕೊಟ್ಟೆ. ಆಮೇಲೆ ಶಾಫ್ಟ್, ಹೌಸಿಂಗ್, ಲೇತ್ ಕೆಲಸಕ್ಕೆ ಹೋದದ್ದು 2 ಲಕ್ಷ 37 ಸಾವಿರ. ಪ್ರತಿ ರೂಪಾಯಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಹೋದದ್ದು ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ತುದಿಯ ಕೀಲು. ಮೂರನೇ ವಾರಕ್ಕೆ ಒಂದು, ಐದನೇ ವಾರಕ್ಕೆ ಇನ್ನೊಂದು. ಕ್ರಾಸ್ ತಾನೇ ಅಂತ ಹೊಸದು ಹಾಕಿಸಿ ಸುಮ್ನಾದೆ. ಅದೇ ತಪ್ಪು. ಆ ವರ್ಷ ಕುಯ್ಲಿನಲ್ಲಿ ಟ್ರೈಲರ್ ಕಟ್ಟಿ 14 ಮೂಟೆ ಹಣ್ಣು ಕಣಕ್ಕೆ ಏರಿಸುತ್ತಿದ್ದೆ. ಹಿಂದಿನ ಚಕ್ರ ಕಲ್ಲಿಗೆ ಸಿಕ್ಕಿತು. ಲೋ ಗೇರ್, ಫಸ್ಟ್. ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ, ಅಷ್ಟೇ. ಕೆಳಗಿನಿಂದ ಬಂದೂಕಿನ ಸದ್ದು ಬಂತು.

ಹೌಸಿಂಗ್ ಕವರ್ ಬಿಚ್ಚಿದರೆ ಪಿನಿಯನ್ನಿನ (ಒಳಗಿನ ಸಣ್ಣ ಗೇರ್) ಮೂರು ಹಲ್ಲು ಆಯಿಲ್‌ನಲ್ಲಿ ಬಿದ್ದಿದ್ದವು. ಒಂದು ಬುಡದಿಂದಲೇ ಹಾರಿ ಒಳಗಿನಿಂದ ಕವರ್‌ಗೆ ಹೊಡೆದಿತ್ತು. ಹೊರಗಡೆ ಅಡಿಕೆ ಗಾತ್ರಕ್ಕೆ ಉಬ್ಬಿತ್ತು. ಆ ಕವರ್ ಇವತ್ತಿಗೂ ಶೆಡ್‌ನಲ್ಲಿದೆ.

ಪಿನಿಯನ್ ತಿರುಗಿಸುವ ದೊಡ್ಡ ಗೇರ್ ಕ್ರೌನ್. ನಮ್ಮ ಹಳೆ ಕ್ರೌನ್ ಪಿನಿಯನ್ ಅನುಪಾತ 5.38. ಅಂದರೆ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ ಬರೀ 8. ಸಣ್ಣ ಪಿನಿಯನ್, ಹಿಡಿತಕ್ಕೆ ಸಿಗುವ ಹಲ್ಲೂ ಕಡಿಮೆ. ನಾನು 4.27 ಸೆಟ್ ಹಾಕಿಸಿದೆ, ಅದರಲ್ಲಿ ಪಿನಿಯನ್‌ಗೆ 11 ಹಲ್ಲು. ಹಿಂದೆ ಮುಂದೆ ಎರಡೂ ಹೌಸಿಂಗ್‌ಗೆ ಸೇರಿ 68 ಸಾವಿರ ಆಯಿತು. ಇಂಜಿನ್‌ಗೆ ಬಲ ಇರುವಾಗ 5.38 ಯಾಕೆ ಬೇಕು? ರಸ್ತೆಯಲ್ಲೂ ಇಂಜಿನ್ ಕಿರುಚಾಟ ನಿಂತಿತು. ಅದಾದ ಮೇಲೆ ಐದು ಕುಯ್ಲು ಮುಗಿದಿದೆ, ಹೌಸಿಂಗ್ ಬಿಚ್ಚಿಲ್ಲ.

ಮಾದಾಪುರ 3ಬಿ
ಗೋಣಿಕೊಪ್ಪದವರು ಹಲ್ಲು ಎಣಿಸುತ್ತಾ ಕೂತಿದ್ದಾರೆ. ನೀವು ಮೊದಲು ನೋಡಬೇಕಾದದ್ದು ಬೆಲ್ ಹೌಸಿಂಗ್, ಇಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಚಿಪ್ಪು.

ನನ್ನದು ಸಿಜೆ 3ಬಿ ಜೀಪು, 80 ಇಂಚಿನ ವೀಲ್‌ಬೇಸ್ (ಹಿಂದೆ ಮುಂದೆ ಆಕ್ಸಲ್ ನಡುವಿನ ಅಂತರ). ಬೊಲೆರೊ ಡಿಐ ಟರ್ಬೊ ಕೂರಿಸಿದ್ದೇನೆ, 18 ಕೆಜಿ ಮೀಟರ್. ಇಂಜಿನ್ ಗೇರ್‌ಬಾಕ್ಸ್ ನಡುವೆ ಕೂರುವ ಅಡಾಪ್ಟರ್ ಪ್ಲೇಟ್ ಮಾಡಿಕೊಟ್ಟ ಲೇತ್‌ನವರು ಕಣ್ಣಳತೆಯಲ್ಲಿ ತೂತು ಕೊರೆದಿದ್ದರು. ಎಂಟು ತಿಂಗಳಲ್ಲಿ ಮೂರು ಪೈಲಟ್ ಬೇರಿಂಗ್ (ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಹಿಡಿಯುವುದು) ಹೋಯಿತು. ಪ್ರತಿ ಸಲ ಗೇರ್‌ಬಾಕ್ಸ್ ಇಳಿಸಬೇಕು, ಪ್ರತಿ ಸಲ 4500 ಕೂಲಿ. ಇಳಿಜಾರಿನಲ್ಲಿ ಥರ್ಡ್ ಗೇರ್ ತಾನಾಗೇ ಕಳಚುತ್ತಿತ್ತು. ಮಾದಾಪುರ ರಸ್ತೆಯ ತಿರುವಿನಲ್ಲಿ ಗೇರ್ ಕಳಚಿ ಜೀಪು ಹಗುರಾಗಿ ಓಡಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಪಕ್ಕದಲ್ಲಿ ಮಗಳು ಕೂತಿದ್ದಳು.

ಕೊನೆಗೆ ಮೈಸೂರಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಒಬ್ಬರು ಫ್ಲೈವೀಲ್ ಮೇಲೆ ಡಯಲ್ ಗೇಜ್ ಕೂರಿಸಿ, ಬೆಲ್ ಹೌಸಿಂಗ್ ತೂತಿನ ಸುತ್ತ ತಿರುಗಿಸಿ ತೋರಿಸಿದರು. 0.13 ಮಿಲಿಮೀಟರ್ ಒಳಗೆ ಇರಬೇಕಾದ ಮುಳ್ಳು 0.6 ಓಡುತ್ತಿತ್ತು. ಇಂಜಿನ್ ಒಂದು ನೇರ, ಗೇರ್‌ಬಾಕ್ಸ್ ಇನ್ನೊಂದು ನೇರ. ಹೊಸ ಪ್ಲೇಟ್ ಮಾಡಿಸಿದೆ, 11 ಸಾವಿರ. ಅವತ್ತಿನಿಂದ ಗೇರ್ ಕಳಚಿಲ್ಲ.

ಇನ್ನೊಂದು, ಫೈವ್ ಸ್ಪೀಡ್ ಗೇರ್‌ಬಾಕ್ಸ್ ಉದ್ದ ಜಾಸ್ತಿ. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ ಹೋಗುತ್ತದೆ, ಹಿಂದಿನ ಶಾಫ್ಟ್ ಗಿಡ್ಡ ಆಗುತ್ತದೆ. ನನ್ನದು ಒಂದು ಅಡಿಗೆ ಸ್ವಲ್ಪ ಜಾಸ್ತಿ ಉಳಿಯಿತು, ಅಷ್ಟೇ. ಶಾಫ್ಟ್ ಗಿಡ್ಡ ಆದಷ್ಟೂ ಕ್ರಾಸಿನ ಕೋನ ಜಾಸ್ತಿ. ಗೋಣಿಕೊಪ್ಪದವರ ಕ್ರಾಸ್ ಐದು ವಾರದಲ್ಲಿ ಎರಡು ಹೋದದ್ದು ಇದಕ್ಕೇ ಇರಬೇಕು, ಇಂಜಿನ್ ಬಲಕ್ಕಲ್ಲ.

ಗೋಣಿಕೊಪ್ಪ ತೋಟದ ಜೀಪು
ನನ್ನದು 540. 91 ಇಂಚು. ಹಳೆ ಗೇರ್‌ಬಾಕ್ಸೇ ಇಟ್ಟಿದ್ದೆ. ಶಾಫ್ಟ್ ಒಂದಿಂಚೂ ಗಿಡ್ಡ ಆಗಿಲ್ಲ. ಓದದೆ ಬರೆಯಬೇಡಿ. 18 ಕೆಜಿ ಮೀಟರ್ ಇಂಜಿನ್ ಇಟ್ಟುಕೊಂಡು 28ರ ಬಗ್ಗೆ ಪಾಠ ಮಾಡುವುದು ಬೇಡ.

ಸುಂಟಿಕೊಪ್ಪ ಗ್ಯಾರೇಜ್
ನಾನು 22 ವರ್ಷದಿಂದ ಜೀಪಿನ ಕೆಲಸ ಮಾಡುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ, ಹೌಸಿಂಗ್ ಒಡೆಯುವುದು ಇಂಜಿನ್ ಅಲ್ಲ, ಕಾಲು. ಚಕ್ರ ಸುಮ್ನೆ ತಿರುಗುತ್ತಿರುವಾಗ ಆಕ್ಸಿಲರೇಟರ್ ಒತ್ತಿ ಹಿಡಿಯುತ್ತಾರೆ. ಆ ಚಕ್ರಕ್ಕೆ ತಟ್ಟನೆ ಕಲ್ಲು ಸಿಕ್ಕಿ ಹಿಡಿತ ಬಂದಾಗ ಪೂರ್ತಿ ಏಟು ಆಕ್ಸಲ್ ಮೇಲೆ ಬೀಳುತ್ತದೆ. ಟ್ರಾನ್ಸ್‌ಫರ್ ಕೇಸ್ ಲೋ ಅಂದರೆ ಟಾರ್ಕ್ ಅಲ್ಲೇ 2.46 ಪಟ್ಟು. ಅದರ ಮೇಲೆ ಹೌಸಿಂಗ್‌ನ 5.38. ಎರಡೇ ಸೇರಿ 13 ಪಟ್ಟು ದಾಟಿತು. ಇಂಜಿನ್ 12ರದ್ದಾಗಿದ್ದಾಗ ಈ ತಪ್ಪು ನಡೆಯುತ್ತಿತ್ತು. 28ಕ್ಕೆ ನಡೆಯುವುದಿಲ್ಲ.

ಹೋದ ವರ್ಷ ಒಂದು ಜೀಪು ಬಂತು. ಹಿಂದಿನ ಆಕ್ಸಲ್ ತುದಿ ಟೇಪರ್ (ಮೊನೆಯ ಕಡೆ ಸಣ್ಣಗಾಗುತ್ತದೆ), ಚಕ್ರದ ಹಬ್ ಅದರ ಮೇಲೆ ಕೂರುತ್ತದೆ, ನಡುವೆ ಕೀ ಅನ್ನುವ ಸಣ್ಣ ಕಬ್ಬಿಣದ ತುಂಡು. ಯಜಮಾನರು ಆಕ್ಸಲ್ ಹೋಗಿದೆ ಅಂದರು. ಬಿಚ್ಚಿ ನೋಡಿದೆ. ಆಕ್ಸಲ್ ಸರಿ ಇದೆ, ಕೀ ಕತ್ತರಿಸಿ ಎರಡು ತುಂಡು. ತುದಿಯ ನಟ್ಟನ್ನು ಯಾರೋ ಕೈ ಬಿಗಿಯಷ್ಟೇ ಹಾಕಿದ್ದರು. ಟೇಪರ್ ಕಚ್ಚಿ ಹಿಡಿದರೆ ಕೀ ಮೇಲೆ ಭಾರ ಬರುವುದಿಲ್ಲ. ಇಂಥದ್ದಕ್ಕೆ ದುಡ್ಡು ಬೇಡ, ಉದ್ದ ಹಿಡಿಯ ಪಾನಾ ಬೇಕು.

ಗೋಣಿಕೊಪ್ಪ ತೋಟದ ಜೀಪು
ಅಂದರೆ ನನಗೆ ಓಡಿಸಲು ಬರುವುದಿಲ್ಲ ಅಂತ ಅರ್ಥವಾ? 14 ವಯಸ್ಸಿಗೆ ತೋಟದಲ್ಲಿ ಜೀಪು ಓಡಿಸಿದವನು ನಾನು. ಕ್ರೌನ್ ಪಿನಿಯನ್ ಮೊದಲ ಸಲ ಕೂರಿಸಿದ್ದು ನಿಮ್ಮಂಥ 20 ವರ್ಷದ ಅನುಭವಸ್ಥರೇ. ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ಕಚ್ಚುತ್ತದೆ ಅಂತ ನೋಡಲಿಲ್ಲ, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲು) ಅಳೆಯಲಿಲ್ಲ. ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ ಸಾರ್" ಅಂದರು. ಎರಡನೇ ಸಲ ನಾನೇ ಪಕ್ಕದಲ್ಲಿ ನಿಂತು ಗೇಜ್ ಇಡಿಸಿದೆ. 0.2 ಮಿಲಿಮೀಟರ್‌ಗೆ ತಂದು ನಿಲ್ಲಿಸಿದರು. ಅದಕ್ಕೇ ಇವತ್ತು ಓಡುತ್ತಿದೆ.

ಸುಂಟಿಕೊಪ್ಪ ಗ್ಯಾರೇಜ್
ಆ ಕೆಲಸ ಮಾಡಿದ್ದು ನಾನಲ್ಲ. ಎಲ್ಲ ಮೆಕ್ಯಾನಿಕ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡು ಸಾವಿರ ಕೂಲಿ ಕಡಿಮೆ ಅಂತ ಎಲ್ಲಿಗೋ ಕೊಟ್ಟು, ಕೆಟ್ಟ ಮೇಲೆ ನಮ್ಮ ಹತ್ತಿರ ತರುತ್ತೀರಿ.

ಪೊನ್ನಂಪೇಟೆ ಜಿಪ್ಸಿ
ಇಷ್ಟೆಲ್ಲ ಒದ್ದಾಟ ಯಾಕೆ? 2.6 ಇಂಜಿನ್ ಭಾರ. ಮಳೆಗಾಲದಲ್ಲಿ ಗದ್ದೆಗೆ ಇಳಿಸಿ ನೋಡಿ, ಮೂತಿ ಮೊದಲು ಹೂತುಹೋಗುತ್ತದೆ. ನಾನು ಜಿಪ್ಸಿಯ 1.3 ತೆಗೆದು ಹಳೆ ಬಲೆನೊದ 1.6 ಹಾಕಿದೆ. ಎರಡೂ ಸುಜುಕಿಯ ಜಿ ಸರಣಿಯವೇ, ಗೇರ್‌ಬಾಕ್ಸ್‌ಗೆ ಕೂರಿಸಲು ಕಷ್ಟ ಆಗಲಿಲ್ಲ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಬೇರೆಯೇ ಕೂತಿದೆ, ನಡುವೆ ಒಂದು ಗಿಡ್ಡ ಶಾಫ್ಟ್. ಅದರ ರಬ್ಬರ್ ಮೌಂಟ್ ಎರಡು ಸಲ ಹರಿಯಿತು. ಗಟ್ಟಿ ರಬ್ಬರ್ ಹಾಕಿಸಿ ಮೇಲಿನಿಂದ ಒಂದು ಪಟ್ಟಿ ಕಟ್ಟಿಸಿದೆ. ಮುಂದಿನ ಸಿವಿ ಜಾಯಿಂಟ್ (ತಿರುಗುವ ಚಕ್ರಕ್ಕೆ ಬಲ ಒಯ್ಯುವ ಕೀಲು) ಒಂದು ಹೋಯಿತು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಏರಿ ಹತ್ತಿಸಿದ್ದಕ್ಕೆ. ಒಟ್ಟು 96 ಸಾವಿರದಲ್ಲಿ ಮುಗಿಯಿತು.

ಮಾದಾಪುರ 3ಬಿ
ಜಿಪ್ಸಿಗೆ ಟ್ರೈಲರ್ ಕಟ್ಟಿ 14 ಮೂಟೆ ಏರಿಸಿ ಆಮೇಲೆ ಮಾತಾಡಿ. ಅವರು ಕೇಳಿದ್ದು ತೋಟದ ಗಾಡಿ ಬಗ್ಗೆ.

ಪೊನ್ನಂಪೇಟೆ ಜಿಪ್ಸಿ
ನನ್ನದೂ ತೋಟದ ಗಾಡಿಯೇ. ಮೂಟೆಗೆ ಟ್ರ್ಯಾಕ್ಟರ್ ಇದೆ.

ಸೋಮವಾರಪೇಟೆ ಅಕ್ಕ
ನಾನು ಇಂಜಿನ್ ಬದಲಿಸದೆ ಉಳಿದವಳು. ಎಲ್ಲರೂ ಟರ್ಬೊ ಹಾಕಿಸುವಾಗ ನಾನು ಪ್ಯೂಜೊವನ್ನೇ 62 ಸಾವಿರ ಕೊಟ್ಟು ಪೂರ್ತಿ ಕಟ್ಟಿಸಿದೆ. ನಮ್ಮ ಯಜಮಾನರು ಅವತ್ತು ಬೇಜಾರು ಮಾಡಿಕೊಂಡರು. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಇದೇ ಜೀಪಿನಲ್ಲಿ ನೆಂಟರ ಮನೆಯ ಏಳು ಜನರನ್ನು ಎರಡು ಸರದಿಯಲ್ಲಿ ಇಳಿಸಿದ್ದೇವೆ. ಬಾನೆಟ್ ಮಟ್ಟಕ್ಕೆ ಕೆಸರು ನೀರು. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇಲ್ಲ, ಸೆನ್ಸಾರ್ ಇಲ್ಲ. ಅದು ನಿಲ್ಲಲಿಲ್ಲ.

ಇಷ್ಟು ಹೊತ್ತು ಯಾರೂ ಆರ್‌ಸಿ ವಿಷಯ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಕೇಸಿನಲ್ಲಿ ಹೇಳಿದೆ. 15 ವರ್ಷ ದಾಟಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಅವತ್ತು ಇಂಜಿನ್ ನಂಬರ್ ನೋಡುತ್ತಾರೆ. 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಲ್ಲಿ 5000 ಆಯಿತು. ಕಟ್ಟುವುದು ಸರಿ, ನಂಬರ್ ಹೊಂದದಿದ್ದರೆ ಏನು ಮಾಡುತ್ತೀರಿ? ನಮ್ಮ ಪಕ್ಕದ ತೋಟದವರ ಗಾಡಿ ಎರಡು ವರ್ಷದಿಂದ ಶೆಡ್ ಬಿಟ್ಟಿಲ್ಲ. ರಸ್ತೆಯಲ್ಲಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್ ಕಥೆ ಬೇರೆ.

ಗೋಣಿಕೊಪ್ಪ ತೋಟದ ಜೀಪು
ಅಕ್ಕ, ನನ್ನದು ತೋಟದ ಗೇಟ್ ದಾಟುವುದಿಲ್ಲ.

ಸೋಮವಾರಪೇಟೆ ಅಕ್ಕ
ಮೇಲೆ "ರಸ್ತೆಯಲ್ಲೂ ಇಂಜಿನ್ ಕಿರುಚಾಟ ನಿಂತಿತು" ಅಂತ ಬರೆದವರು ನೀವೇ ಅಲ್ವಾ?

ನಾಪೋಕ್ಲು 540
ದಯವಿಟ್ಟು ಜಗಳ ಬೇಡ. ಆರ್‌ಟಿಒದಲ್ಲಿ ಕೇಳಿದ ಮೇಲೇ ಇಂಜಿನ್‌ಗೆ ಅಡ್ವಾನ್ಸ್ ಕೊಡುತ್ತೇನೆ. ಹಳೆ ಗೇರ್‌ಬಾಕ್ಸ್ ಇಟ್ಟುಕೊಂಡರೂ ಪಟ್ಟ (ಪಟ್ಟಿ ಸ್ಪ್ರಿಂಗ್) ತಿರುಚುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ?

ಮಾದಾಪುರ 3ಬಿ
ನಿಜ. ಲೋ ಗೇರಲ್ಲಿ ಏರುವಾಗ ಬಗ್ಗಿ ನೋಡಲು ಒಬ್ಬರನ್ನು ನಿಲ್ಲಿಸಿ. ಹಿಂದಿನ ಪಟ್ಟ ಹಾವಿನ ಹಾಗೆ ಬಳುಕುತ್ತದೆ, ಪಿನಿಯನ್ ಮೂಗು ಮೇಲಕ್ಕೆ ಎದ್ದು ಕ್ರಾಸ್ ಕೋನ ಕೆಡುತ್ತದೆ. ಗೋಣಿಕೊಪ್ಪದವರದ್ದು 91 ಇಂಚು ಅಂತ ನಾನು ಗಮನಿಸಲಿಲ್ಲ, ಅದು ನನ್ನ ತಪ್ಪು. ಶಾಫ್ಟ್ ಉದ್ದ ಇದ್ದೂ ಕ್ರಾಸ್ ಹೋಗಿದ್ದರೆ ಕಾರಣ ಇದೇ ಇರಬಹುದು. ಹೌಸಿಂಗ್‌ನಿಂದ ಚಾಸಿಗೆ ಒಂದು ಟಾರ್ಕ್ ರಾಡ್ (ಹೌಸಿಂಗ್ ತಿರುಚದಂತೆ ಹಿಡಿಯುವ ಸರಳು) ಕೊಡಿಸಿ. ಚಾಸಿ ಕಡೆ ತುದಿ ಶಕಲ್ (ಆಡುವ ಕೊಂಡಿ) ಮೇಲೆ ಇರಬೇಕು. ನೇರ ವೆಲ್ಡ್ ಮಾಡಿಸಿದರೆ ಪಟ್ಟ ಆಡುವುದೇ ಇಲ್ಲ, ವೆಲ್ಡ್ ಹರಿಯುತ್ತದೆ.

ಗೋಣಿಕೊಪ್ಪ ತೋಟದ ಜೀಪು
ಟಾರ್ಕ್ ರಾಡ್ ನಾನೂ ಕೊಡಿಸಿದ್ದೇನೆ, ಆದರೆ ಪಿನಿಯನ್ ಹೋದ ಮೇಲೆ. ಮೊದಲೇ ಹಾಕಿದ್ದರೆ ಕ್ರಾಸ್ ಉಳಿಯುತ್ತಿತ್ತೇನೋ. ನಾಪೋಕ್ಲುವಿನವರೇ, ಅಳತೆ ಬರೆದಿಟ್ಟಿದ್ದೇನೆ. ಸಂತೆ ದಿನ ಈ ಕಡೆ ಬಂದರೆ ಮನೆಗೆ ಬನ್ನಿ, ಆ ಒಡೆದ ಪಿನಿಯನ್ ಕೂಡ ತೋರಿಸುತ್ತೇನೆ.

ಸುಂಟಿಕೊಪ್ಪ ಗ್ಯಾರೇಜ್
ಬರುವಾಗ ಹಬ್ ನಟ್ ಬಿಗಿ ಇದೆಯಾ ನೋಡಿಕೊಂಡು ಬನ್ನಿ.