ಕೇಬಲ್ ತೆಗೆಸಿದ್ರೆ ಟೀಮಿಗೆ ಹೊಡೆತ ಬೀಳುತ್ತಾ?

ಪ್ರಶ್ನೆ: ಸ್ಯಾನ್ ಡಿಯಾಗೋಗೆ ಬಂದು ಎರಡು ವರ್ಷ. ಮಗನಿಗೆ ಇಲ್ಲಿನ ಬೇಸ್‌ಬಾಲ್ ಟೀಮ್ ಪಾಡ್ರೆಸ್ ಅಂದ್ರೆ ಹುಚ್ಚು. ಕೇಬಲ್ ತೆಗೆಸೋಣ ಅಂದ್ರೆ, "ನಿಮ್ಮಂಥವರಿಂದಲೇ ಸ್ಟಾರ್ ಬ್ಯಾಟರ್ ಸೋಟೊ ಕೈತಪ್ಪಿದ್ದು" ಅಂತಾನೆ. ಹೌದಾ? ತೆಗೆಸಿದವರು ಹೇಳಿ.

ಸ್ಯಾನ್ ಡಿಯಾಗೋದಿಂದ: ಹುಡುಗನ ಮಾತು ಪೂರ್ತಿ ಸುಳ್ಳಲ್ಲ ಸರ್. ನಮ್ಮೂರ ಗಣೇಶನ ಚಂದಾ ನೆನಪಿದೆಯಲ್ವಾ? ಆರ್ಕೆಸ್ಟ್ರಾ ನೋಡೋರು ನೂರು ಜನ, ಚಂದಾ ಮಾತ್ರ ಬೀದಿಯ ಎಲ್ಲ ಮನೆಯಿಂದ. ಕೇಬಲ್ ಪ್ಯಾಕೇಜೂ ಹಾಗೇ. ನಾನು ವರ್ಷಕ್ಕೆ ನೋಡುತ್ತಿದ್ದದ್ದು ಐದಾರು ಪಂದ್ಯ. ಬಿಲ್ಲಿನಲ್ಲಿ 'ರೀಜನಲ್ ಸ್ಪೋರ್ಟ್ಸ್ ಫೀ' ಅನ್ನೋ ಸಾಲು ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ. ಆ ದುಡ್ಡು ಊರಿನ ಟೀಮಿನ ಪಂದ್ಯ ತೋರಿಸೋ ಚಾನೆಲ್‌ಗೆ, ಅಲ್ಲಿಂದ ಟೀಮಿಗೆ. ಪಾಡ್ರೆಸ್‌ಗೆ ಹೀಗೆ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಬರುತ್ತಿತ್ತು.

ಜನ ಕೇಬಲ್ ಬಿಡುತ್ತಾ ಹೋದರು. ಚಾನೆಲ್ ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್‌ಗೆ ಮೊದಲೇ ತಲೆ ಮೇಲೆ ಸಾಲ. 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮೇ ಕೊನೆಗೆ ಪಾಡ್ರೆಸ್‌ನ ಕಂತು ಕಟ್ಟದೆ ಕೈ ಎತ್ತಿಬಿಟ್ಟಿತು. ಮರುದಿನವೇ ಬೇಸ್‌ಬಾಲ್ ಲೀಗ್ ತಾನೇ ಪ್ರಸಾರ ಶುರು ಮಾಡಿತು. ಹಳೇ ಆದಾಯದ 80% ತುಂಬಿಕೊಡ್ತೀವಿ ಅಂದಿತು, ಅದೂ ಆ ವರ್ಷಕ್ಕೆ ಮಾತ್ರ. ಡಿಸೆಂಬರ್‌ನಲ್ಲಿ ಸೋಟೊ ನ್ಯೂಯಾರ್ಕ್‌ನ ಯಾಂಕೀಸ್ ಟೀಮಿಗೆ ಹೋದ. ಟಿವಿ ದುಡ್ಡೇ ಕಾರಣ ಅನ್ನಲ್ಲ. ಆಟಗಾರರ ಸಂಬಳ ಮೊದಲೇ ಕೈಮೀರಿತ್ತು, ಅವನ ಒಪ್ಪಂದವೂ ಒಂದೇ ವರ್ಷ ಉಳಿದಿತ್ತು.

ಆ ಜೂನ್‌ನಲ್ಲೇ ನಾನು ಕೇಬಲ್ ತೆಗೆಸಿದೆ. ಲೀಗ್‌ನ ಸ್ಟ್ರೀಮ್‌ಗೆ ಆಗ ತಿಂಗಳಿಗೆ 19.99 ಡಾಲರ್. ನನಗೆ ಉಳಿತಾಯವೇ. ಕೇಬಲ್ ಬಿಟ್ಟ ಮನೆಗಳಿಂದ ಟೀಮಿಗೆ ಮಾತ್ರ ಈಗ ನೋಡೋರದಷ್ಟೇ ಚಂದಾ.

ಫೀನಿಕ್ಸ್‌ನಿಂದ: ಇಲ್ಲಿ ಬಾಸ್ಕೆಟ್‌ಬಾಲ್ ಟೀಮ್ ಸನ್ಸ್ 2023ರಲ್ಲಿ ಕೇಬಲ್ ಬಿಟ್ಟು ಊರಿನ ಫ್ರೀ ಚಾನೆಲ್‌ಗೇ ಬಂದರು. ಆಂಟೆನಾವನ್ನೂ ಪುಕ್ಕಟೆ ಕೊಟ್ಟರು! ನಮ್ಮನೆಯದು ಕಿಟಕಿ ಗಾಜಿಗೆ ಅಂಟಿಕೊಂಡಿದೆ, ಮೈಕ್ರೋವೇವ್ ಹಾಕಿದರೆ ಚಿತ್ರ ನಡುಗುತ್ತೆ, ಅಷ್ಟೇ. ಅವರಿಗೆ ಆ ಧೈರ್ಯ ಇದೆ ಬಿಡಿ. ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಈಗ ದೇಶಮಟ್ಟದ ಟಿವಿ ಒಪ್ಪಂದದಿಂದಲೇ 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್, ಎಲ್ಲ ಟೀಮಿಗೂ ಪಾಲು. ಬೇಸ್‌ಬಾಲ್‌ನವರು ಊರಿನ ಚಾನೆಲ್ಲನ್ನು ಜಾಸ್ತಿ ನಂಬಿದ್ದರು.

ಲಾಸ್ ಏಂಜಲೀಸ್‌ನಿಂದ: ಇಲ್ಲಿನ ಬೇಸ್‌ಬಾಲ್ ಟೀಮ್ ಡಾಡ್ಜರ್ಸ್ 2013ರಲ್ಲೇ 25 ವರ್ಷಕ್ಕೆ 835 ಕೋಟಿ ಡಾಲರ್‌ಗೆ ಟಿವಿ ಒಪ್ಪಂದ ಮಾಡಿಕೊಂಡಿದ್ದರು. ಟೀಮಿಗೆ ಹಬ್ಬ. ಆದರೆ ನಮ್ಮ ಕೇಬಲ್‌ನವರು ಆ ಪಂದ್ಯಗಳ ಚಾನೆಲ್ಲೇ ಹಾಕಲಿಲ್ಲ. ವರ್ಷಗಟ್ಟಲೆ ಬಿಲ್ ಕಟ್ಟಿ, ಕಾರಿನಲ್ಲಿ ಕೂತು ರೇಡಿಯೋ ಕೇಳಿದೆ. ಸುಮ್ನೆ ತೆಗೆಸಿ.

ಕೇಳಿದವರಿಂದ: ಎಲ್ಲರಿಗೂ ಥ್ಯಾಂಕ್ಸ್. ಮಗನಿಗೆ ಓದಿ ಹೇಳಿದೆ. "ಹಾಗಾದ್ರೆ ಉಳಿದ ದುಡ್ಡಲ್ಲಿ ಸ್ಟೇಡಿಯಮ್‌ಗೇ ಹೋಗೋಣ" ಅಂತಿದ್ದಾನೆ. ಅಲ್ಲಿ ಪಾರ್ಕಿಂಗ್ ಎಲ್ಲಿ ಅಗ್ಗ?